ಖಾಲಿ ಡಬ್ಬಿ ವಾಪಸ್ ಕೊಡಬಾರದು

ನಿವೃತ್ತಿಯಾದವರಿಗೆ ಶಾಲು, ಹಾರ, ಗೋಡೆ ಗಡಿಯಾರ ಸಿಗುತ್ತದೆ ಎಂದು ಕೇಳಿದ್ದೇನೆ. ನನಗೆ ಸಿಕ್ಕಿದ್ದು ಒಂದು ಸ್ಟೀಲ್ ಡಬ್ಬಿ. ಅದೂ ನಮ್ಮ ಮನೆಯದೇ. ಅದೂ ಈಗ ನನ್ನ ಹತ್ತಿರ ಇಲ್ಲ. ಆದರೂ ದೇವರು ನನಗೆ ಕಡಿಮೆ ಮಾಡಿದ ಎಂದರೆ ನಾಲಿಗೆ ಬಿದ್ದುಹೋದೀತು.

ನಾನು ವಕ್ಕಲೇರಿಯ ಗೃಹಿಣಿ, ಹೆಸರು ರತ್ನಮ್ಮ. ಗಂಡ, ಅತ್ತೆ, ಎರಡು ಸೀಮೆಹಸು, ಬೆಳಗಿನ ಪೂಜೆ, ಸಂಜೆಯ ಹಾಲು. ಇದರ ನಡುವೆಯೇ ಹಲವು ವರ್ಷ ‘ಕೆಚ್ಚಲು’ ಎಂಬ ಮುಕ್ತ ತಂತ್ರಾಂಶದ ಬಳಗದ ಪರವಾಗಿ ಬೆಂಗಳೂರಿನ ದೊಡ್ಡ ದೊಡ್ಡ ಸಮ್ಮೇಳನಗಳಲ್ಲಿ ಮೇಜು ಹಾಕಿಕೊಂಡು ನಿಂತೆ. ಸಂಬಳವಿರಲಿಲ್ಲ, ಬಡ್ತಿಯೂ ಇರಲಿಲ್ಲ. ಹಾಗಾಗಿ ಬಡ್ತಿಯ ಬಗ್ಗೆ ಬರೆಯುವ ಕಷ್ಟವೂ ಇಲ್ಲ. ಈಗ ಆ ಮೇಜಿನ ಹಿಂದೆ ನಿಲ್ಲಲು ಹೊರಟಿರುವ ಹೆಣ್ಣುಮಕ್ಕಳು “ಅಲ್ಲಿ ಏನು ಮಾಡ್ಬೇಕಕ್ಕ?” ಎಂದು ಕೇಳುತ್ತಾರೆ. ಏನು ಮಾಡಬಾರದು ಎಂಬುದು ನನಗೆ ಚೆನ್ನಾಗಿ ಗೊತ್ತು. ಅದನ್ನೇ ಬರೆಯುತ್ತೇನೆ.

ಕೆಚ್ಚಲು ಏನು ಮಾಡುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಊರೂರಿಗೂ ಹಾಲಿನ ಡೈರಿ ಇದೆ. ಹಾಲು ಹೊಯ್ದರೆ ಯಂತ್ರ ತೂಕ ನೋಡುತ್ತದೆ, ಫ್ಯಾಟ್ ನೋಡುತ್ತದೆ, ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡುತ್ತದೆ. ಯಂತ್ರ ಕಂಡದ್ದನ್ನು ಕಂಪ್ಯೂಟರಿಗೆ ತಂದು, ಚೀಟಿ ಮುದ್ರಿಸಿ, ಓದಲು ಬಾರದವರಿಗೂ ತಿಳಿಯಲೆಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳುವುದು ಕೆಚ್ಚಲು. ಮುಕ್ತ ತಂತ್ರಾಂಶ ಎಂದರೆ ಯಾರು ಬೇಕಾದರೂ ತೆಗೆದುಕೊಂಡು ಬಳಸಬಹುದು, ಒಳಗೆ ಹೇಗಿದೆ ಎಂದು ಬಿಚ್ಚಿ ನೋಡಬಹುದು, ಸರಿಪಡಿಸಬಹುದು, ಇನ್ನೊಬ್ಬರಿಗೆ ಕೊಡಬಹುದು. ಇಂಥವರೇ ಯಜಮಾನರು ಎಂದಿಲ್ಲ.

ಅದನ್ನು ಬರೆದವರು ಮುಳಬಾಗಿಲಿನ ಸುಬ್ಬರಾಯ ಮೇಷ್ಟ್ರು. ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು. ಮೊದಲು ಅವರದೇ ದನಿಯಲ್ಲಿ ಹೇಳಿಸಿದ್ದರಂತೆ. ಬೈರಕೂರಿನ ಡೈರಿಯಲ್ಲಿ ಆ ದನಿ ಕೇಳಿದ ರೈತರು ಲೆಕ್ಕ ತಪ್ಪಿದ ಮಕ್ಕಳ ಹಾಗೆ ಕೈಕಟ್ಟಿ ನಿಂತುಬಿಡುತ್ತಿದ್ದರು. ಕೆಲವರು ಅವರ ಕೈಯಲ್ಲಿ ಏಟು ತಿಂದವರೇ. ಬೇರೆ ದನಿ ಬೇಕು ಎಂದಾಗ, ವೇಮಗಲ್‌ನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮೂರಿನ ಇಮ್ತಿಯಾಜ್ ನನ್ನನ್ನು ತೋರಿಸಿದ. ಅವನೂ ಬಳಗದವನು. ಶನಿವಾರದ ಭಜನೆಯಲ್ಲಿ ನನ್ನ ದನಿ ಅವರ ಮನೆಯ ತನಕ ಕೇಳುತ್ತದಂತೆ. ನಾನು ಅಂಕಿಗಳನ್ನೆಲ್ಲ ಓದಿಕೊಟ್ಟೆ. ಜೊತೆಗೆ ಮೇಷ್ಟ್ರು ಬರೆದುಕೊಟ್ಟ ಒಂದು ವಾಕ್ಯ: “ದಯವಿಟ್ಟು ಗಮನಿಸಿ, ಡಿಗ್ರಿ ಸಾಲದು.”

ಆ ವಾಕ್ಯದಿಂದ ನಾನು ಊರಿನಲ್ಲಿ ಓಡಾಡುವುದೇ ಕಷ್ಟವಾಯಿತು. ಪಕ್ಕದ ಮನೆ ಗೌರಮ್ಮಕ್ಕ ಕ್ಯಾನ್ ಹಿಡಿದು ನೆಟ್ಟಗೆ ನಮ್ಮ ಬಾಗಿಲಿಗೆ ಬಂದರು.

“ಏನೇ ರತ್ನ, ನಮ್ಮ ಹಾಲಲ್ಲಿ ನೀರೈತೆ ಅಂತ ಊರಿಗೆಲ್ಲ ಕೂಗ್ತೀಯಲ್ಲೇ?”

“ನಾನಲ್ಲಕ್ಕ, ಕಂಪ್ಯೂಟ್ರು.”

“ಕಂಪ್ಯೂಟ್ರಿಗೆ ನಿನ್ನ ಗಂಟಲು ಹೆಂಗೆ ಬಂತು? ನಿನ್ನೆ ನಮ್ಮನೇಲಿ ಕಾಫಿ ಕುಡಿದು ಹೋಗಿ, ಇವತ್ತು ಹಿಂಗಂತೀಯಾ?”

ನಮ್ಮತ್ತೆ ಮುನಿಯಮ್ಮನವರು ಮಾತ್ರ ಜಗಲಿಯಲ್ಲಿ ಕೂತು ಎಲೆ ಮಡಚುತ್ತಾ ಹೇಳಿದರು: “ನಮ್ಮ ಹಾಲಿಗೆ ಅದು ಒಂದಿನಾನೂ ಹಂಗೆ ಅಂದಿಲ್ಲಮ್ಮ.” ಈ ಮಾತನ್ನು ನೆನಪಿಟ್ಟುಕೊಳ್ಳಿ.

ಮೇಜಿನ ಹಿಂದೆ ನಿಲ್ಲುವ ಕೆಲಸ ಬಂದದ್ದು ಮೇಷ್ಟ್ರ ಕಣ್ಣಿನಿಂದ. ಸಕ್ಕರೆ ಕಾಯಿಲೆ ಕಣ್ಣಿಗಿಳಿದಿತ್ತು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದಿದ್ದರು ಡಾಕ್ಟರು. ಮೇಷ್ಟ್ರು ನನ್ನನ್ನೂ ಇಮ್ತಿಯಾಜನನ್ನೂ ಮನೆಗೆ ಕರೆಸಿದರು.

“ನೋಡಿಮ್ಮ, ಯಂತ್ರ ಬದಲಾದ ಹಾಗೆಲ್ಲ ಇದನ್ನ ತಿದ್ದುತಾ ಇರ್ಬೇಕು. ಬಿಟ್ರೆ ಸಾಯುತ್ತೆ. ತಿದ್ದೋನು ನಾನೊಬ್ಬನೇ. ಬೆಂಗಳೂರಲ್ಲಿ ಸಮ್ಮೇಳನ ಅಂತ ಮಾಡ್ತಾರಲ್ಲ, ಅಲ್ಲಿ ಎಲ್ಲಾ ಇದೇ ಕೆಲಸದೋರು ಬರ್ತಾರೆ. ದುಡ್ಡು ಬೇಡ, ಚಪ್ಪಾಳೆ ಬೇಡ. ಒಬ್ಬರನ್ನ ಕರ್ಕೊಂಡು ಬನ್ನಿ. ಒಬ್ರು ಸಾಕು.”

“ನೀವೇ ಹೋಗಿ ಮಾತಾಡಿ ಮೇಷ್ಟ್ರೇ.”

“ನಾನು ಮಾತಾಡಿದ್ರೆ ಪಾಠ ಆಗೋಗುತ್ತೆ.”

ಇಮ್ತಿಯಾಜನಿಗೆ ಕೋಡ್ ಓದಲು ಬರುತ್ತಿತ್ತು, ಬರೆಯಲು ಅಷ್ಟಕ್ಕಷ್ಟೆ. ಅಪರಿಚಿತರನ್ನು ಕಂಡರೆ ಅವನು ಬ್ಯಾನರಿನ ಹಿಂದೆ ಸರಿಯುವವನು. ಉಳಿದವಳು ನಾನು. ಒಬ್ಬರು ಸಿಕ್ಕರೆ ಹೆಸರುಬೇಳೆ ಪಾಯಸ ಮಾಡಿಸುತ್ತೇನೆ ಎಂದು ಕುರುಡುಮಲೆ ಗಣಪನಿಗೆ ಹರಕೆ ಹೊತ್ತು ಒಪ್ಪಿಕೊಂಡೆ. ಗಣಪ ಅವಸರದವನಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಮೊದಲ ಸಮ್ಮೇಳನಕ್ಕೆ ಹೊರಡುವ ಮುಂಚೆ ಕೆಚ್ಚಲು ತುಂಬಿದ ಪೆನ್‌ಡ್ರೈವ್‌ಗಳನ್ನೆಲ್ಲ ದೇವರ ಮುಂದಿಟ್ಟು ಪೂಜೆ ಮಾಡಿದೆ. ಆಯುಧಪೂಜೆಗೆ ಟ್ರಾಕ್ಟರಿಗೆ ಇಡುತ್ತೇವಲ್ಲ, ಹಾಗೆ ಒಂದೊಂದರ ಬಾಯಿಗೂ ಅರಿಶಿನ ಕುಂಕುಮ ಇಟ್ಟೆ. ಅಲ್ಲಿ ಹೋಗಿ ಚುಚ್ಚಿದರೆ ಒಂದೂ ತೆರೆಯಲಿಲ್ಲ. ಇಮ್ತಿಯಾಜ್ ಒಂದನ್ನು ಬೆಳಕಿಗೆ ಹಿಡಿದು ನೋಡಿದ.

“ಅಕ್ಕ, ಇದರ ಬಾಯೊಳಗೆ ಏನಿದು ಕೆಂಪಗೆ?”

“ಪ್ರಸಾದ ಕಣಪ್ಪ.”

ಅವನು ತನ್ನ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅವನ್ನೆಲ್ಲ ಉಜ್ಜಿದ. ಎರಡು ಬದುಕಿದವು. ಅಷ್ಟಾದರೂ ಆಯಿತಲ್ಲ ಎಂದು ಕೈಮುಗಿದೆ. ಪೂಜೆ ಮಾಡಿ, ಬೇಡ ಎನ್ನುವುದಿಲ್ಲ. ದೂರದಿಂದ ಒಂದು ಹೂವು ಸಾಕು.

ಪುಕ್ಕಟೆ ಎಂದು ಮಾತ್ರ ಮೊದಲೇ ಹೇಳಬೇಡಿ. ನಾನು ಹೇಳುತ್ತಿದ್ದೆ. ಕೋಟು ಹಾಕಿದ ಒಬ್ಬರು ನಿಂತರು.

“ಯಾವ ಕಂಪನಿ ನಿಮ್ಮದು?”

“ಕಂಪನಿ ಇಲ್ಲ ಸರ್.”

“ಮಾಲೀಕರು ಯಾರು?”

“ಯಾರೂ ಇಲ್ಲ. ನೀವೂ ಆಗ್ಬಹುದು.”

ಅವರು ತಮ್ಮ ಚೀಲವನ್ನು ಎದೆಗವಚಿಕೊಂಡು ಹೋದರು. ಸಂತೆಯಲ್ಲಿ ಪುಕ್ಕಟೆ ಟೊಮೇಟೊ ಕೊಡುವವನನ್ನು ಕಂಡರೆ ನಾವೂ ಹಾಗೇ ಹೋಗುತ್ತೇವೆ, ತಪ್ಪೇನಿಲ್ಲ. ಇನ್ನೊಬ್ಬರು, ಉತ್ತರದ ಕಡೆಯವರು, ಬ್ಯಾನರ್ ನೋಡಿ ಕೆಚ್ಚಲು ಎಂದರೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಮ್ತಿಯಾಜ್ ಎರಡೂ ಕೈಯನ್ನು ಹಾಲು ಕರೆಯುವಂತೆ ಆಡಿಸಿ ತೋರಿಸಿದ. ಅವರು ಅದೇನೋ ವ್ಯಾಯಾಮದ ತಂತ್ರಾಂಶವೆಂದು ತಿಳಿದು, ಹೆಂಡತಿಗೆ ಬೆನ್ನುನೋವಿದೆ, ಆಗುತ್ತದೆಯೇ ಎಂದು ವಿಚಾರಿಸಿದರು. ಹೆಸರು ಬದಲಾಯಿಸೋಣ ಎಂದು ಊರಿಗೆ ಬಂದು ಮೇಷ್ಟ್ರಿಗೆ ಹೇಳಿದೆ. “ಹಾಲು ಬರೋದು ಅಲ್ಲಿಂದ್ಲೇ ತಾನೆ?” ಎಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಮುಕ್ತ ತಂತ್ರಾಂಶವೆಂದರೆ ಏನೆಂದು ಬಿಡಿಸಿ ಹೇಳುವುದಕ್ಕೆ ನನಗೆ ದಾರಿ ಸಿಕ್ಕಿದ್ದು ಅಡಿಗೆಮನೆಯಲ್ಲಿ. ಗೌರಮ್ಮಕ್ಕ ಸಿಟ್ಟು ಇಳಿದ ಮೇಲೆ, ನಾನು ಕೊಟ್ಟಿದ್ದ ಉಪ್ಪಿನಕಾಯಿ ಡಬ್ಬಿಯನ್ನು ವಾಪಸ್ ತಂದರು. ಒಳಗೆ ಒಂದು ಹಿಡಿ ಸಕ್ಕರೆ. ನಮ್ಮಲ್ಲಿ ಖಾಲಿ ಡಬ್ಬಿ ವಾಪಸ್ ಕೊಡುವ ಪದ್ಧತಿ ಇಲ್ಲವಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕುತ್ತೇವೆ. ನನಗೆ ಅಲ್ಲೇ ಹೊಳೆಯಿತು, ಮೇಷ್ಟ್ರು ಗಂಟೆಗಟ್ಟಲೆ ಹೇಳುವುದು ಇದನ್ನೇ. ತಗೊಳ್ಳಿ, ತಿನ್ನಿ, ವಾಪಸ್ ಕೊಡುವಾಗ ನಿಮ್ಮ ಕೈಲಾದದ್ದು ಹಾಕಿ ಕೊಡಿ.

ಮುಂದಿನ ಸಮ್ಮೇಳನ ಎರಡು ದಿನದ್ದು. ಉಳಿದ ಮೇಜುಗಳಲ್ಲಿ ಪೆನ್ನು, ಟೋಪಿ, ಅಂಟಿಸುವ ಚಿತ್ರ ಹಂಚುತ್ತಿದ್ದರು. ನಾನು ಮನೆಯ ಸ್ಟೀಲ್ ಡಬ್ಬಿಗಳನ್ನೆಲ್ಲ ಮೂಟೆ ಕಟ್ಟಿಕೊಂಡು ಹೋದೆ. ಒಂದೊಂದರಲ್ಲೂ ನಿಪ್ಪಟ್ಟು, ಹುರಿಹಿಟ್ಟಿನ ಉಂಡೆ. ಕೂತು ಕೆಚ್ಚಲು ನೋಡಿದವರಿಗೆ ಒಂದೊಂದು ಡಬ್ಬಿ ಕೊಟ್ಟು, “ನಾಳೆ ಡಬ್ಬಿ ತನ್ನಿ, ಖಾಲಿ ತರಬೇಡಿ” ಎಂದು ನಕ್ಕೆ. ಅವರೂ ನಕ್ಕರು. ನಮ್ಮ ಮೇಜಿಗೆ ಸಾಲು ನಿಂತಿತು. ಪಕ್ಕದ ದೊಡ್ಡ ಕಂಪನಿಯವರು ತಮ್ಮ ಮೇಜು ಬಿಟ್ಟು ನಮ್ಮ ಸಾಲಿಗೆ ಬಂದರು.

ಮಾರನೆಯ ದಿನ ಒಂದು ಡಬ್ಬಿಯೂ ಬರಲಿಲ್ಲ. ಅವರೆಲ್ಲ ಅದನ್ನು ಉಡುಗೊರೆ ಎಂದುಕೊಂಡಿದ್ದರು! ಸಂಜೆ ಸಮಾರೋಪದಲ್ಲಿ ನನ್ನನ್ನು ವೇದಿಕೆಗೆ ಕರೆದರು. ಪ್ಲಾಸ್ಟಿಕ್ ಇಲ್ಲದ, ಪರಿಸರಕ್ಕೆ ಒಳ್ಳೆಯದಾದ ಅತ್ಯುತ್ತಮ ಉಡುಗೊರೆ ಎಂದು ಒಂದು ಗಾಜಿನ ಫಲಕ ಕೈಗಿತ್ತರು. ಬೇಡ, ಡಬ್ಬಿ ಕೊಡಿ ಎನ್ನಲು ಬಾಯಿ ಬರಲಿಲ್ಲ.

ಹೋದವುಗಳಲ್ಲಿ ಅತ್ತೆಯ ತವರಿನ ಡಬ್ಬಿಯೂ ಇತ್ತು. ಬೈರಕೂರಿನ ಅವರ ಅಣ್ಣ, ಮಡಿಲು ತುಂಬುವಾಗ ಕೊಟ್ಟದ್ದು. ಮುಚ್ಚಳದ ಮೇಲೆ ‘ಮುನಿಯಮ್ಮ, ವಕ್ಕಲೇರಿ’ ಎಂದು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದರು. ಅತ್ತೆ ಫಲಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದರಲ್ಲಿ ಸಾರು ಇಡಕ್ಕಾಗುತ್ತೇನೇ?”

“ಇಲ್ಲತ್ತೆ.”

“ಮುಚ್ಚಳ ಬರುತ್ತಾ?”

“ಇಲ್ಲ.”

“ಹಂಗಾದ್ರೆ ನನ್ನ ಡಬ್ಬಿ ತಂದ್ಕೊಡು.”

ಅಂದಿನಿಂದ ನಾನು ಪ್ರತಿ ಸಮ್ಮೇಳನ ಮುಗಿಸಿ ಬಂದಾಗಲೂ ಅತ್ತೆಯ ಪ್ರಶ್ನೆ ಒಂದೇ, ಡಬ್ಬಿ ಬಂತಾ? ಮೇಷ್ಟ್ರ ಪ್ರಶ್ನೆಯೂ ಒಂದೇ, ಯಾರಾದ್ರೂ ಬಂದ್ರಾ? ಇಬ್ಬರಿಗೂ ಇಲ್ಲ ಎಂದು ಹೇಳುವುದೇ ನನ್ನ ಉದ್ಯೋಗವಾಯಿತು. ಫಲಕ ನೀರಿನ ಬಿಂದಿಗೆಗೆ ಮುಚ್ಚಳವಾಯಿತು. ಅದು ಸರಿಯಾಗಿ ಕೂತಿತು, ಆ ಮಟ್ಟಿಗೆ ಪುಣ್ಯ.

ಕೆಲಸದ ರೀತಿಯೂ ಬದಲಾಗುತ್ತಾ ಬಂತು. ಪೆನ್‌ಡ್ರೈವ್ ಹೋಯಿತು, ಚೌಕದೊಳಗೆ ಇರುವೆ ಹರಿದಂತಿರುವ ಕ್ಯೂಆರ್ ಕೋಡ್ ಬಂತು. ಜನ ಬರುತ್ತಾರೆ, ಅದರ ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಮುಖ ನೋಡುವುದೂ ಇಲ್ಲ. ಡಬ್ಬಿ ಒಯ್ದವರಾದರೂ ಉಂಡೆ ಚೆನ್ನಾಗಿದೆ ಎನ್ನುತ್ತಿದ್ದರು.

ಒಮ್ಮೆ ಒಂದು ಕಂಪನಿಯ ದೊಡ್ಡವರು ಕೂತು ಮಾತಾಡಿದರು. ಕೆಚ್ಚಲನ್ನು ತಾವೇ ವಹಿಸಿಕೊಳ್ಳುತ್ತಾರಂತೆ, ನೋಡಿಕೊಳ್ಳಲು ಇಂಜಿನಿಯರುಗಳನ್ನೂ ಇಡುತ್ತಾರಂತೆ. ಒಂದೇ ಷರತ್ತು, ಇನ್ನು ಮೇಲೆ ಒಳಗೆ ಬಿಚ್ಚಿ ನೋಡುವ ಹಕ್ಕು ಅವರಿಗೆ ಮಾತ್ರ. ನನಗೆ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಅವತ್ತೇ ಮುಳಬಾಗಿಲಿಗೆ ಹೋಗಿ ಮೇಷ್ಟ್ರಿಗೆ ಹೇಳಿದೆ.

“ನನ್ನ ಕಣ್ಣು ಹೋದ್ರೆ ಕಾಣದೆ ಇರೋದು ನನಗೊಬ್ಬನಿಗೆ. ಅದನ್ನ ಮುಚ್ಚಿಬಿಟ್ರೆ ಯಾರಿಗೂ ಕಾಣಲ್ಲಮ್ಮ. ಬೇಡ.”

ಇಷ್ಟು ಹೇಳಿ, ಕಾಫಿ ಲೋಟವೆಂದು ಪೆನ್ನು ಇಡುವ ಲೋಟವನ್ನು ತುಟಿಗೆ ತಂದರು. ನಾನು ಮೆಲ್ಲಗೆ ಲೋಟ ಬದಲಾಯಿಸಿದೆ.

ಆ ವರ್ಷವೇ ನಮ್ಮೂರ ಡೈರಿಗೆ ಹೊಸ ಯಂತ್ರ ಬಂತು. ಕೆಚ್ಚಲಿಗೂ ಅದಕ್ಕೂ ಹೊಂದಲಿಲ್ಲ. ನನ್ನ ದನಿ ನಿಂತುಹೋಯಿತು. ಮೇಷ್ಟ್ರು ಭೂತಗನ್ನಡಿ ಹಿಡಿದು ಪರದೆಗೆ ಮೂಗು ತಾಗಿಸಿ ಕೂತರೂ ಒಂದು ಸಾಲು ಓದುವಷ್ಟರಲ್ಲಿ ಕಣ್ಣಲ್ಲಿ ನೀರು. ಯಂತ್ರ ಮಾರಿದವರು ತಮ್ಮದೇ ತಂತ್ರಾಂಶ ಹಾಕುತ್ತೇವೆಂದು ತಯಾರಾಗಿದ್ದರು. ಡೈರಿಯ ಕಾರ್ಯದರ್ಶಿ ಒಳ್ಳೆಯ ಮನುಷ್ಯ. “ಯುಗಾದಿ ತನಕ ಕಾಯ್ತೀನಿ ರತ್ನಕ್ಕ. ಆಮೇಲೆ ನನ್ನ ಕೈಲಿಲ್ಲ” ಎಂದ. ನಮ್ಮೂರಿನಲ್ಲಿ ಹೋದರೆ ಬೇರೆ ಊರುಗಳಲ್ಲೂ ಹೋಗುವುದು ಖಚಿತ. ಹೊಸ ಯಂತ್ರ ಎಲ್ಲ ಕಡೆಗೂ ಬರುತ್ತಿತ್ತು.

ಯುಗಾದಿಗೆ ಮುಂಚೆ ಇದ್ದದ್ದು ಒಂದೇ ಸಮ್ಮೇಳನ. ವೇದಿಕೆಯಲ್ಲಿ ಸ್ವಲ್ಪ ಹೊತ್ತು ಮಾತಾಡಲು ಅವಕಾಶ ಕೊಟ್ಟಿದ್ದರು. ಇಮ್ತಿಯಾಜ್ ಚೆಂದದ ಭಾಷಣ ಬರೆದು ಬಾಯಿಪಾಠ ಮಾಡಿಸಿದ್ದ. ಮೈಕ್ ಮುಂದೆ ನಿಂತ ಕೂಡಲೇ ಅದೆಲ್ಲ ಮರೆತುಹೋಯಿತು. ಮುಂದಿನ ಸಾಲಿನಲ್ಲಿ ಕೂತವರನ್ನು ನೋಡಿದರೆ ನನಗೆ ನೆನಪಾಗಿದ್ದು ಒಂದೇ.

“ನಮಸ್ಕಾರ. ನಮ್ಮತ್ತೆಯ ಡಬ್ಬಿ ನಿಮ್ಮಲ್ಲಿ ಯಾರದೋ ಮನೇಲಿದೆ. ಮುನಿಯಮ್ಮ, ವಕ್ಕಲೇರಿ ಅಂತ ಹೆಸರಿದೆ. ತಿಂದಿದ್ದಕ್ಕೆ ನನಗೆ ಬೇಜಾರಿಲ್ಲ. ಕೆಚ್ಚಲನ್ನೂ ನೀವು ಹಂಗೇ ತಗೊಂಡು ಹೋದ್ರಿ, ಅದಕ್ಕೂ ಬೇಜಾರಿಲ್ಲ. ಆದ್ರೆ ಅದು ಈಗ ನಿಲ್ತಾ ಇದೆ. ನಮ್ಮ ಮೇಷ್ಟ್ರಿಗೆ ಕಣ್ಣು ಕಾಣಲ್ಲ. ಒಬ್ಬರು ಬೇಕು. ಡಬ್ಬಿ ತಂದುಕೊಡಿ, ಖಾಲಿ ತರಬೇಡಿ.”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಚಪ್ಪಾಳೆ ಹೊಡೆಯಿತು, ಊಟಕ್ಕೆ ಎದ್ದುಹೋಯಿತು. ಇಮ್ತಿಯಾಜ್ ತಲೆ ಮೇಲೆ ಕೈಹೊತ್ತು ಕೂತಿದ್ದ. “ಇಷ್ಟು ವರ್ಷದಲ್ಲಿ ಒಂದು ಸಲ ಮೈಕ್ ಸಿಕ್ತು ಅಕ್ಕ. ಪಾತ್ರೆ ಕೇಳಿಬಿಟ್ರಲ್ಲ!” ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಕಣ್ಣೊರೆಸಿಕೊಳ್ಳಲು ಅನುಕೂಲವಾಯಿತು.

ಯುಗಾದಿ ಇನ್ನೇನು ಬಂದೇಬಿಟ್ಟಿತು, ಮನೆಗೆ ಸುಣ್ಣ ಹೊಡೆಯುತ್ತಿದ್ದೆವು. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಡಬ್ಬಿ.

“ಮುನಿಯಮ್ಮಜ್ಜಿ ಮನೆ ಇದೇನಾ?”

ಅತ್ತೆ ಸುಣ್ಣದ ಕೈಯಲ್ಲೇ ಡಬ್ಬಿ ಕಿತ್ತುಕೊಂಡರು. ಮುಚ್ಚಳದ ಚುಕ್ಕಿಗಳ ಮೇಲೆ ಬೆರಳಾಡಿಸಿದರು. ಸಿಟ್ಟಾಗಲಿ ಪ್ರೀತಿಯಾಗಲಿ, ಜಾಸ್ತಿಯಾದರೆ ಅವರಿಗೆ ತೆಲುಗು ಬರುತ್ತದೆ. “ಇನ್ನಿ ದಿನಾಲು ಎಕ್ಕಡ ಪೆಟ್ಟಿಂಟಿವಮ್ಮಾ?” ಎಂದರು, ಇಷ್ಟು ದಿನ ಎಲ್ಲಿಟ್ಟಿದ್ದೆ ತಾಯಿ ಎಂದು.

ಅವಳ ಹೆಸರು ರೂಪಾ. ಊರು ಶ್ರೀನಿವಾಸಪುರ, ಮಾಲೂರಿನ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ಕೆಲಸ. “ಆವತ್ತು ಸಮ್ಮೇಳನದಲ್ಲಿ ಉಡುಗೊರೆ ಅಂದ್ಕೊಂಡು ನಾನೇ ತಂದಿದ್ದೆ ಅಜ್ಜಿ, ನಮ್ಮಮ್ಮ ಅದರಲ್ಲಿ ಸೂಜಿ ದಾರ ಇಟ್ಕೊಂಡಿದ್ರು. ಅಕ್ಕ ಮಾತಾಡಿದ್ದನ್ನ ಯಾರೋ ಮೊಬೈಲಲ್ಲಿ ಹಾಕಿದ್ರು. ಹೆಸರು ಕೇಳಿದ ತಕ್ಷಣ ನಮ್ಮಮ್ಮ ಸೂಜಿ ಎಲ್ಲ ನೆಲಕ್ಕೆ ಸುರಿದು, ‘ಪರರ ಪಾತ್ರೆ ಮನೇಲಿಟ್ಕೊಂಡಿದ್ದೀಯಲ್ಲೇ, ನಡಿ’ ಅಂದ್ರು. ಮನೇಲಿ ಓಡಾಡಿದ್ರೆ ಕಾಲಿಗೆ ಇನ್ನೂ ಸೂಜಿ ಚುಚ್ಚುತಾ ಐತೆ.”

ಅತ್ತೆ ಮುಚ್ಚಳ ತೆಗೆದರು. ಒಳಗೆ ಮಾಮಿಡಿ ತಾಂಡ್ರ, ಮಾವಿನ ರಸ ಒಣಗಿಸಿದ್ದು, ಹಾಳೆ ಹಾಳೆಯಾಗಿ. ಒಂದು ತುಂಡು ಬಾಯಿಗೆ ಹಾಕಿಕೊಂಡು ಕೇಸು ಅಲ್ಲೇ ಮುಗಿಸಿದರು. ನಾನು ಮಾತ್ರ ಆ ಲ್ಯಾಪ್‌ಟಾಪ್ ಚೀಲವನ್ನೇ ನೋಡುತ್ತಿದ್ದೆ.

“ಅಕ್ಕ, ಬರೀ ತಾಂಡ್ರ ತರೋಕೆ ನಾಚಿಕೆ ಆಯ್ತು,” ಎಂದಳು ರೂಪಾ. “ಕೆಚ್ಚಲು ಬಿಚ್ಚಿ ನೋಡ್ದೆ. ಹೊಸ ಯಂತ್ರ ಹೇಳೋದನ್ನ ಅದು ಹಳೇ ವರಸೇಲೇ ಓದಕ್ಕೆ ಹೋಗ್ತೈತೆ. ತಿದ್ದಿದ್ದೀನಿ. ಆದ್ರೆ ನನ್ನ ಹತ್ರ ಯಂತ್ರ ಇಲ್ಲ. ನಿಜವಾದ ಹಾಲಿಗೆ ಹಾಕಿ ನೋಡ್ಬೇಕು.”

ಇಮ್ತಿಯಾಜ್ ಮುಳಬಾಗಿಲಿಗೆ ಹೋಗಿ ಮೇಷ್ಟ್ರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಸಂಜೆ ಡೈರಿಯಲ್ಲಿ ಎಲ್ಲರೂ ಕ್ಯಾನ್ ಕೆಳಗಿಟ್ಟು ಸುತ್ತ ನಿಂತರು. ಮೇಷ್ಟ್ರು ಬೆಂಚಿನ ಮೇಲೆ, ಎರಡೂ ಕೈ ಕೋಲಿನ ಮೇಲೆ, ಪರದೆ ಯಾವ ಕಡೆ ಇದೆಯೆಂದು ಗೊತ್ತಿಲ್ಲದೆ ಗೋಡೆಯ ಕಡೆ ಮುಖ. ಮೊದಲು ಯಾರ ಹಾಲು ಎಂದು ಕಾರ್ಯದರ್ಶಿ ಕೇಳಿದ. ಅತ್ತೆ ಗುಂಪು ಸೀಳಿಕೊಂಡು ಬಂದರು.

“ಸರೀರಿ. ಡಬ್ಬಿ ನಂದು, ಮೊದಲ ಹಾಲೂ ನಂದೇ.”

ಹಾಲು ಹೊಯ್ದರು. ಯಂತ್ರ ಗುಂಯ್ ಎಂದಿತು. ಆಮೇಲೆ ಏನೂ ಇಲ್ಲ. ರೂಪಾ ತುಟಿ ಕಚ್ಚಿಕೊಂಡಳು. ನಾನು ಕುರುಡುಮಲೆಯವನಿಗೆ ಪಾಯಸದ ಜೊತೆ ಕಡುಬನ್ನೂ ಸೇರಿಸಿದೆ. ಅಷ್ಟರಲ್ಲಿ ಗೋಡೆಯ ಮೇಲಿನ ಪೆಟ್ಟಿಗೆಯಿಂದ ನನ್ನದೇ ದನಿ, ಇಷ್ಟು ತಿಂಗಳು ಎಲ್ಲೂ ಹೋಗಿರಲೇ ಇಲ್ಲವೆಂಬಂತೆ ಸ್ಪಷ್ಟವಾಗಿ ಬಂತು:

“ದಯವಿಟ್ಟು ಗಮನಿಸಿ, ಡಿಗ್ರಿ ಸಾಲದು.”

ಎಲ್ಲರ ಮುಖವೂ ಅತ್ತೆಯ ಕಡೆ ತಿರುಗಿತು. ಆಮೇಲೆ ಗೌರಮ್ಮಕ್ಕ, ಎಷ್ಟು ವರ್ಷದಿಂದ ಕಾದಿದ್ದರೋ, “ಏನ್ ಮುನಿಯಮ್ಮಕ್ಕ, ಸೊಸೆ ಏನೋ ಹೇಳ್ತಾವ್ಳೆ!” ಎಂದರು. ಡೈರಿಯೇ ಬಿದ್ದುಹೋಗುವಂತೆ ನಕ್ಕರು.

“ಅವಸರದಲ್ಲಿ ಕ್ಯಾನ್ ತೊಳೆದ ನೀರು ಬಗ್ಗಿಸಿರಲಿಲ್ಲ ಕಣ್ರಮ್ಮ!” ಎಂದು ಅತ್ತೆ ಕೂಗುತ್ತಿದ್ದರೆ ಕೇಳುವವರು ಯಾರು?

ಮೇಷ್ಟ್ರು ನಗಲಿಲ್ಲ. ಗೋಡೆಯ ಕಡೆಗೇ ಮುಖ ಮಾಡಿ “ಕೇಳಿಸ್ತು” ಎಂದರು. “ಸರಿಯಾಗಿ ಹೇಳ್ತು. ಎಲ್ಲಮ್ಮ ಆ ಹುಡುಗಿ? ಎಲ್ಲಿ ತಪ್ಪಿತ್ತು ಅಂತ ಓದಿ ಹೇಳು, ನಾನು ಕೇಳ್ತೀನಿ.” ರೂಪಾ ಅವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. ಅವಳು ಓದುವುದು, ಅವರು ಹೂಂಗುಟ್ಟುವುದು. ಎಲ್ಲರೂ ಹಾಲು ಹಾಕಿ ಮನೆಗೆ ಹೋದರೂ ಅವರಿಬ್ಬರ ಮಾತು ಮುಗಿಯಲಿಲ್ಲ. ಈಗಲೂ ಹಾಗೇ ನಡೆದಿದೆ. ಭಾನುವಾರ ಭಾನುವಾರ ಅವಳು ಮುಳಬಾಗಿಲಿಗೆ ಹೋಗಿ ಓದುತ್ತಾಳೆ, ಅವರು ಕೇಳಿ ತಿದ್ದಿಸುತ್ತಾರೆ.

ಒಬ್ಬರನ್ನು ಕರೆತರುವುದು ನನ್ನ ಕೆಲಸವಾಗಿತ್ತು, ಬಂದಾಯಿತು. ಅಲ್ಲೇ ಡೈರಿಯಲ್ಲಿ ನಿವೃತ್ತಿ ಹೇಳಿಬಿಟ್ಟೆ. ಇಮ್ತಿಯಾಜ್ ಬೇರೇನೂ ಸಿಗದೆ, ಅತ್ತೆ ಕಂಕುಳಲ್ಲಿಟ್ಟುಕೊಂಡು ಬಂದಿದ್ದ ಆ ಡಬ್ಬಿಯನ್ನೇ ನನ್ನ ಕೈಗಿಟ್ಟು, “ಅಕ್ಕ, ಇದೇ ನಿಮ್ಮ ಶಾಲು, ಇದೇ ಹಾರ” ಎಂದು ಫೋಟೋ ತೆಗೆದ. ಫೋಟೋದಲ್ಲಿ ನನ್ನ ಕಣ್ಣು ಮುಚ್ಚಿದೆ.

ಮನೆಗೆ ಬಂದ ಮೇಲೆ ಅತ್ತೆ ಡಬ್ಬಿ ಇಸಿದುಕೊಂಡು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರು. ಇನ್ನು ಅದು ದೇವರ ಗೂಡಿಗೇ ಹೋಗುತ್ತದೆ ಎಂದುಕೊಂಡೆ. ಅವರು ಹುರಿಹಿಟ್ಟಿನ ಉಂಡೆ ತುಂಬಿ, ಮುಚ್ಚಳ ಒತ್ತಿ, ಬಸ್ಸಿಗೆ ಹೊರಟಿದ್ದ ರೂಪಾಳ ಚೀಲಕ್ಕೆ ತುರುಕಿದರು.

“ಅಲ್ಲತ್ತೆ, ಇಷ್ಟು ವರ್ಷ ನನ್ನ ಜೀವ ತಿಂದ್ರಿ. ಬಂದ ದಿನಾನೇ ಕೊಟ್ಟುಬಿಟ್ರಲ್ಲ?”

“ಇಲ್ಲಿ ಇಟ್ಕೊಂಡು ನಾನೇನ್ ಮಾಡ್ಲೇ? ಅವಳ ಹತ್ರ ಇದ್ರೆ ತಿರುಗಾ ಬರ್ತಾಳೆ.”